ಒಂದೇ ಕೈಚೀಲದಲ್ಲಿ ಎರಡು ಔಷಧ: ವ್ಯಸನ ಚಿಕಿತ್ಸೆಯಲ್ಲಿ ಚೀನೀ ಮೂಲಿಕೆಯೂ ಆಧುನಿಕ ವೈದ್ಯವೂ

ಕುಡಿತ ಬಿಡಿಸಬೇಕೆಂದು ಮನೆಯವರು ಯಾರನ್ನಾದರೂ ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಬರುವಾಗ ಅವರ ಕೈಚೀಲದಲ್ಲಿ ಹಲವು ಸಲ ಎರಡು ಬಗೆಯ ಔಷಧಗಳಿರುತ್ತವೆ. ಒಂದು, ಹಿಂದೆ ಯಾವುದೋ ವೈದ್ಯರು ಬರೆದುಕೊಟ್ಟು ಅರ್ಧಕ್ಕೇ ನಿಂತುಹೋದ ಗುಳಿಗೆಗಳ ಪಟ್ಟಿ. ಇನ್ನೊಂದು, ನೆಂಟರು ಹೇಳಿದ ಊರಿಗೆ ಹೋಗಿ ತಂದ ಗಾಂವಟಿ ಔಷಧಿ. ಅದು ಪುಡಿಯಾಗಿರಬಹುದು, ಕಷಾಯವಾಗಿರಬಹುದು, ಅರಿಷ್ಟದ ಬಾಟಲಿಯಾಗಿರಬಹುದು. ಗುಳಿಗೆಯ ಚೀಟಿಯನ್ನು ವೈದ್ಯರ ಮೇಜಿನ ಮೇಲೆ ಇಡುತ್ತಾರೆ. ಪುಡಿಯ ಪೊಟ್ಟಣ ಚೀಲದಲ್ಲಿಯೇ ಉಳಿಯುತ್ತದೆ. ತೋರಿಸಿದರೆ ಬೈಸಿಕೊಳ್ಳಬೇಕಾದೀತು ಎಂಬ ಅಳುಕು ಮನೆಯವರಿಗೆ; ಹೊರಗೆ ಕಾದು ನಿಂತವರ ಸಾಲು ನೋಡಿದ ವೈದ್ಯರಿಗೆ ಅದನ್ನು ವಿಚಾರಿಸುವಷ್ಟು ಪುರುಸೊತ್ತಿಲ್ಲ. ಹೀಗೆ ಎರಡು ವೈದ್ಯಪದ್ಧತಿಗಳ ಬೆರಕೆ ನಮ್ಮಲ್ಲಿ ದಿನವೂ ರೋಗಿಯ ಹೊಟ್ಟೆಯಲ್ಲಿ ನಡೆದೇ ಇದೆ. ಎರಡನ್ನೂ ಬಲ್ಲ ಒಬ್ಬರ ಗಮನಕ್ಕೆ ಬಂದು, ಅವರ ತಿಳಿವಳಿಕೆಯಲ್ಲಿ ಆ ಬೆರಕೆ ನಡೆಯುವುದು ಮಾತ್ರ ಬಹಳ ಅಪರೂಪ.

ಈ ಬೆರಕೆಯನ್ನು ಕಣ್ಣು ತೆರೆದುಕೊಂಡು, ಅಳೆದು, ಬರೆದಿಟ್ಟು ಮಾಡಲು ದೀರ್ಘಕಾಲ ಯತ್ನಿಸಿದ ದೇಶ ಚೀನಾ. ಅಲ್ಲಿನ ಅನುಭವ ಹುಬ್ಬಳ್ಳಿ-ಧಾರವಾಡದ ಓದುಗರಿಗೆ ದೂರದ ಸುದ್ದಿಯೆಂದು ಕಾಣಬೇಕಾಗಿಲ್ಲ. ಹೊರಗಿನಿಂದ ಬಂದು ಚೀನಾವನ್ನು ಹಾಳುಗೆಡವಿದ ಅಫೀಮಿನ ಬಹುಪಾಲು ಬೆಳೆದದ್ದು ನಮ್ಮ ದೇಶದ ಬಿಹಾರ ಮತ್ತು ಮಾಳವದ ಹೊಲಗಳಲ್ಲಿ. ಮಾಳವದ ಅಫೀಮು ಹಡಗು ಹತ್ತಿದ್ದು ಮುಂಬಯಿ ಬಂದರಿನಲ್ಲಿ. ಅದನ್ನು ಬಿಡಿಸಲು ಅವರು ಏನೇನು ಮಾಡಿದರು, ಯಾವುದು ಫಲಿಸಿತು, ಯಾವುದು ಕೈಕೊಟ್ಟಿತು ಎಂಬುದನ್ನು ಅರಿಯುವುದು, ಮೂಲಿಕೆಯ ಮೇಲೆ ಅವರಷ್ಟೇ ನಂಬಿಕೆಯಿಟ್ಟಿರುವ ನಮಗೆ ನೇರವಾಗಿ ಉಪಯೋಗಕ್ಕೆ ಬರುವ ಸಂಗತಿ.

ಲಿನ್ ಝೆಶು ಎಂಬ ಅಧಿಕಾರಿಯ ಹೆಸರು ಇತಿಹಾಸದ ಪಾಠಗಳಲ್ಲಿ ಬರುತ್ತದೆ. 1839ರಲ್ಲಿ ಹೂಮೆನ್ ಎಂಬಲ್ಲಿ ಬ್ರಿಟಿಷ್ ವರ್ತಕರಿಂದ ವಶಪಡಿಸಿಕೊಂಡ ಸುಮಾರು 20,000 ಪೆಟ್ಟಿಗೆ ಅಫೀಮನ್ನು ನಾಶಪಡಿಸಿ, ಮೊದಲನೆಯ ಅಫೀಮು ಯುದ್ಧಕ್ಕೆ ನಿಮಿತ್ತನಾದವನು ಆತ. ಆದರೆ ಆತ ಚಟಕ್ಕೆ ಬಿದ್ದವರಿಗಾಗಿ ಔಷಧದ ವ್ಯವಸ್ಥೆಯನ್ನೂ ಮಾಡಿದ್ದನೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಹೆ ಚಿವೇಯ್ ಎಂಬ ವೈದ್ಯನ ಯೋಗಗಳನ್ನು ಆಧರಿಸಿ ಆತ ಎರಡು ಬಗೆಯ ಗುಳಿಗೆಗಳನ್ನು ಪ್ರಚಾರಕ್ಕೆ ತಂದ. ಮೊದಲನೆಯ ಗುಳಿಗೆಯಲ್ಲಿ ಜಿನ್ಸೆಂಗ್, ಅತಿಮಧುರ ಮುಂತಾದ ಮೂಲಿಕೆಗಳ ಜೊತೆಗೆ ಅಫೀಮು ಸೇದಿ ಉಳಿದ ಬೂದಿಯನ್ನೂ ಸೇರಿಸಿರುತ್ತಿದ್ದರು. ಅದನ್ನು ನುಂಗುವಾಗ ಹುಳಿ ತಿನ್ನಬಾರದೆಂಬ ಪಥ್ಯವಿತ್ತು. ಎರಡನೆಯದರಲ್ಲಿ ಬೂದಿಯಿರಲಿಲ್ಲ, ಬಲ ತುಂಬುವ ಮೂಲಿಕೆಗಳಷ್ಟೇ ಇದ್ದವು. ಚಟವುಳ್ಳವನು ಮೊದಲು ಬೂದಿಯ ಗುಳಿಗೆಯಿಂದ ಆರಂಭಿಸಿ, ದಿನ ಕಳೆದಂತೆ ಅದನ್ನು ಕಡಿಮೆ ಮಾಡುತ್ತ, ಆ ಜಾಗಕ್ಕೆ ಎರಡನೆಯ ಗುಳಿಗೆಯನ್ನು ತರುತ್ತ, ಕೊನೆಗೆ ಅಫೀಮಿನ ಅಂಶವಿಲ್ಲದ ಸ್ಥಿತಿಗೆ ತಲುಪಬೇಕಿತ್ತು. ಬೂದಿಯಲ್ಲಿ ಮಾರ್ಫಿನ್ ಉಳಿದಿರುತ್ತದೆ. ಆದ್ದರಿಂದ ಇಂದು ನಾವು ಹಂತಹಂತವಾಗಿ ಪ್ರಮಾಣ ಇಳಿಸುವುದು ಎಂದು ಕರೆಯುವ ವಿಧಾನವನ್ನೇ ಅಂದಿನ ವೈದ್ಯರು ಮೂಲಿಕೆಯ ಭಾಷೆಯಲ್ಲಿ ಮಾಡುತ್ತಿದ್ದರು. ದೇಹದಲ್ಲಿರುವ ಕೆಡುಕನ್ನು ಹೊರಹಾಕುವುದು, ಕುಂದಿದ ಸತ್ವವನ್ನು ಎತ್ತಿ ನಿಲ್ಲಿಸುವುದು ಎಂಬ ಎರಡು ಹೆಜ್ಜೆಗಳಲ್ಲಿ ಚೀನೀ ವೈದ್ಯ ಇದನ್ನು ವಿವರಿಸಿಕೊಂಡಿತು. ನಮ್ಮ ಆಯುರ್ವೇದ ಬಲ್ಲವರಿಗೆ ಶೋಧನ ಮತ್ತು ರಸಾಯನ ಚಿಕಿತ್ಸೆಗಳ ನೆನಪು ಇಲ್ಲಿ ಬರದೆ ಇರದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿಯೂ ಮದಾತ್ಯಯಕ್ಕೆಂದೇ, ಅಂದರೆ ಅತಿಯಾದ ಕುಡಿತದಿಂದ ಬರುವ ರೋಗಕ್ಕೆಂದೇ, ಒಂದು ಅಧ್ಯಾಯವಿದೆ.

ಇದೇ ಕಥೆಯ ಮುಂದಿನ ಭಾಗ ನೋವಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅಫೀಮು ಬಿಡಿಸುವ ಗುಳಿಗೆಗಳ ದೊಡ್ಡ ಮಾರುಕಟ್ಟೆಯೇ ಚೀನಾದಲ್ಲಿ ಬೆಳೆಯಿತು, ಮತ್ತು ಅವುಗಳಲ್ಲಿ ಎಷ್ಟೋ ಗುಳಿಗೆಗಳಲ್ಲಿ ಶುದ್ಧ ಮಾರ್ಫಿನ್ ಬೆರೆತಿತ್ತು. ಗುಳಿಗೆ ನುಂಗಿದವನಿಗೆ ಅಫೀಮು ಬೇಡವೆನಿಸುತ್ತಿತ್ತು ನಿಜ. ಆದರೆ ಆತ ಗುಳಿಗೆಗೆ ದಾಸನಾಗಿರುತ್ತಿದ್ದ. ನಮ್ಮಲ್ಲಿಯೂ ಕಾಮಿನೀ ವಿದ್ರಾವಣ ರಸದಂತಹ ಶಾಸ್ತ್ರೀಯ ಯೋಗದಲ್ಲಿ ಶುದ್ಧಿಮಾಡಿದ ಅಫೀಮು ಇರುತ್ತದೆ, ಅದಕ್ಕೇ ಚಟ ಹತ್ತಿಸಿಕೊಂಡು ಚಿಕಿತ್ಸೆಗೆ ಬಂದವರ ವರದಿಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ಮೂಲಿಕೆಯ ಔಷಧವೆಂದ ಮಾತ್ರಕ್ಕೆ ಚಟ ಹತ್ತುವುದಿಲ್ಲವೆಂಬ ಭರವಸೆಯನ್ನು ಯಾರೂ ಕೊಡಲಾರರು.

ಇನ್ನು ಆಧುನಿಕ ವೈದ್ಯ ವ್ಯಸನವನ್ನು ಹೇಗೆ ನೋಡುತ್ತದೆ ಎಂಬುದಕ್ಕೆ ಬರೋಣ. ಮದ್ಯವಾಗಲಿ ಅಫೀಮಿನ ವರ್ಗದ ಮಾದಕವಾಗಲಿ ಬಹುದಿನ ದೇಹದೊಳಗಿದ್ದರೆ ಮಿದುಳು ಅದರೊಂದಿಗೆ ಹೊಂದಿಕೊಂಡು ತನ್ನ ಸಮತೋಲವನ್ನೇ ಬದಲಿಸಿಕೊಳ್ಳುತ್ತದೆ. ಮದ್ಯವು ನರಗಳನ್ನು ಸತತವಾಗಿ ಅದುಮುತ್ತಿರುವುದರಿಂದ ಮಿದುಳು ಅದಕ್ಕೆ ಪ್ರತಿಯಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಕುಡಿತ ಒಮ್ಮೆಲೇ ನಿಂತಾಗ ಅದುಮುವ ಕೈ ಸರಿದು, ಏರಿದ ಉದ್ರೇಕವೊಂದೇ ಉಳಿಯುತ್ತದೆ. ಕೊನೆಯ ಗುಟುಕಿನಿಂದ ಆರೆಂಟು ಗಂಟೆಗಳಲ್ಲಿ ಕೈನಡುಕ, ಬೆವರು, ಎದೆಬಡಿತ ಕಾಣಿಸಿಕೊಳ್ಳುತ್ತವೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ್ದು ಕಂಡು, ಹೊತ್ತುಗೊತ್ತು ಮರೆತು, ಜ್ವರ ಮತ್ತು ರಕ್ತದೊತ್ತಡ ಏರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಈ ವಾರದಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್ ಎಂಬ ಔಷಧಗಳನ್ನು ಕೊಟ್ಟು ಕ್ರಮೇಣ ಇಳಿಸುತ್ತಾರೆ. ಊಟ ಬಿಟ್ಟು ಕುಡಿದವರ ದೇಹದಲ್ಲಿ ಬರಿದಾಗಿರುವ ಥಯಾಮಿನ್ ಎಂಬ ಬಿ1 ಜೀವಸತ್ವವನ್ನು ಸೂಜಿಯ ಮೂಲಕ ತುಂಬುತ್ತಾರೆ. ಅದನ್ನು ಕೊಡದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗುವ ಅಪಾಯವಿದೆ. ಈ ಮೊದಲ ವಾರದ ಕೆಲಸವನ್ನು ಮಾಡಬಲ್ಲ ಮೂಲಿಕೆ ಚೀನಾದಲ್ಲಿಯೂ ಇಲ್ಲ, ನಮ್ಮಲ್ಲಿಯೂ ಇಲ್ಲ. ದಿನವೂ ಬೆಳಗ್ಗೆ ಎದ್ದೊಡನೆ ಕುಡಿಯುವ ವ್ಯಕ್ತಿಯನ್ನು ಮನೆಯಲ್ಲಿ ಕೂಡಿಹಾಕಿ ಕಷಾಯದ ಮೇಲೆ ಇಡುವುದು ಜೀವದೊಡನೆ ಜೂಜಾಡಿದಂತೆ, ಮತ್ತು ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಅಫೀಮಿನ ವರ್ಗದ ಮಾದಕಗಳಲ್ಲಿ ಅಪಾಯ ಇರುವ ಸ್ಥಳವೇ ಬೇರೆ. ಹೆರಾಯಿನ್ ಅಥವಾ ನೋವಿನ ಗುಳಿಗೆಗಳ ಚಟ ನಿಂತಾಗ ಮೈಕೈ ಮುರಿತ, ಭೇದಿ, ಕಣ್ಣಲ್ಲಿ ಮೂಗಲ್ಲಿ ನೀರು, ನಿದ್ದೆಯಿಲ್ಲದ ರಾತ್ರಿಗಳು ಬರುತ್ತವೆ; ನರಕಯಾತನೆಯಾದರೂ ಇದರಿಂದಲೇ ಸಾಯುವವರು ಕಡಿಮೆ. ಮೂಲಿಕೆಗಳ ಬಗ್ಗೆ ಚೀನಾದಲ್ಲಿ ನಡೆದ ಪ್ರಯೋಗಗಳು ಹೆಚ್ಚಾಗಿ ಚಟ ನಿಂತ ಮೇಲಿನ ಮೊದಲ ಹತ್ತು ದಿನಗಳಿಗೆ ಸಂಬಂಧಿಸಿದವು. 2009ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಅಂತಹ 21 ಅಧ್ಯಯನಗಳನ್ನು, ಒಟ್ಟು 2,949 ಜನರ ವಿವರಗಳನ್ನು ಒಟ್ಟಿಗೆ ತೂಗಿ ನೋಡಿತು. ಈ ಯಾತನೆ ಇಳಿಸಲು ಆಧುನಿಕ ವೈದ್ಯ ಬಳಸುವ ಕ್ಲೋನಿಡಿನ್ ವರ್ಗದ ಔಷಧಗಳಿಗೆ ಹೋಲಿಸಿದಾಗ ಮೊದಲ ಮೂರು ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾಲ್ಕರಿಂದ ಹತ್ತನೆಯ ದಿನದವರೆಗೆ ಮೂಲಿಕೆ ಪಡೆದವರ ತೊಂದರೆ ಕಡಿಮೆಯಿತ್ತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಆ ಅಧ್ಯಯನಗಳ ಗುಣಮಟ್ಟ ಸಮನಾಗಿರಲಿಲ್ಲ, ಮತ್ತು ಅವು ಉತ್ತರಿಸಿದ್ದು ಸಣ್ಣ ಪ್ರಶ್ನೆಗೆ. ಹತ್ತು ದಿನ ಸುಖವಾಗಿ ಕಳೆದವನು ಆರು ತಿಂಗಳ ನಂತರ ಬದುಕಿದ್ದಾನೆಯೇ ಎಂಬುದು ದೊಡ್ಡ ಪ್ರಶ್ನೆ. ಮಾದಕ ಬಿಟ್ಟ ಕೆಲವೇ ವಾರಗಳಲ್ಲಿ ದೇಹದ ತಾಳಿಕೆ ಇಳಿದುಹೋಗಿರುತ್ತದೆ. ತುಡಿತ ಮಾತ್ರ ಹಾಗೆಯೇ ಉಳಿದಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ಚುಚ್ಚಿಕೊಂಡವನ ಉಸಿರು ನಿಲ್ಲುವುದು ಈ ಹಂತದಲ್ಲಿಯೇ. ಆ ಸಾವುಗಳನ್ನು ನಿಜವಾಗಿ ತಡೆಯುವುದೆಂದು ಮತ್ತೆ ಮತ್ತೆ ಸಿದ್ಧವಾಗಿರುವುದು ಮೆಥಡೋನ್ ಅಥವಾ ಬ್ಯುಪ್ರಿನಾರ್ಫಿನ್ ಎಂಬ ಔಷಧಗಳನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಯಮಿತವಾಗಿ ಕೊಡುವ ಚಿಕಿತ್ಸೆ. ಮೂಲಿಕೆಯ ಇಷ್ಟು ದೊಡ್ಡ ಪರಂಪರೆಯುಳ್ಳ ಚೀನಾ ಕೂಡ 2004ರಲ್ಲಿ ಎಂಟು ಮೆಥಡೋನ್ ಕೇಂದ್ರಗಳನ್ನು ತೆರೆದು, ಮುಂದಿನ ವರ್ಷಗಳಲ್ಲಿ ಅವನ್ನು 700ಕ್ಕೂ ಮೇಲೆ ಏರಿಸಿತು. ಮೂಲಿಕೆಗೆ ಅಲ್ಲಿ ಉಳಿದ ಪಾತ್ರ ಸಹಾಯಕನದು: ನಿದ್ದೆ, ಹಸಿವು, ಬೆವರು, ಮಲಬದ್ಧತೆ, ಬಳಲಿಕೆಗಳನ್ನು ನೋಡಿಕೊಳ್ಳುವುದು. ಇದು ಸಣ್ಣ ಪಾತ್ರವೆಂದು ಯಾರೂ ತಿಳಿಯಬಾರದು. ಮೂರನೆಯ ತಿಂಗಳಲ್ಲಿಯೂ ನಿದ್ದೆ ಬಾರದವನೇ ಮತ್ತೆ ಬಾಟಲಿಯ ಕಡೆಗೆ ಹೋಗುವುದು.

ಈಗ ಎರಡು ಮೂಲಿಕೆಗಳನ್ನು ತುಸು ಹತ್ತಿರದಿಂದ ನೋಡಬಹುದು, ಏಕೆಂದರೆ ಬೆರಕೆಯ ಸಾಧ್ಯತೆ ಮತ್ತು ಮಿತಿ ಎರಡೂ ಅವುಗಳಲ್ಲಿ ಕಾಣುತ್ತವೆ.

ಮೊದಲನೆಯದು ಕುಡ್ಜು. ಚೀನಾದಲ್ಲಿ ಗೆಗೆನ್ ಎಂದು ಕರೆಯುವ ಈ ಬಳ್ಳಿಯ ಗೆಡ್ಡೆ ಮತ್ತು ಹೂಗಳನ್ನು ಅಮಲು ಇಳಿಸಲು ಬಳಸುವ ರೂಢಿ ಸಾವಿರ ವರ್ಷಕ್ಕೂ ಹಳೆಯದು. 1993ರಲ್ಲಿ ಹಾರ್ವರ್ಡ್ ವೈದ್ಯಶಾಲೆಯ ಕ್ಯುಂಗ್ ಮತ್ತು ವ್ಯಾಲೀ ಎಂಬ ವಿಜ್ಞಾನಿಗಳು, ಸ್ವತಃ ಇಷ್ಟಪಟ್ಟು ಮದ್ಯ ಕುಡಿಯುವ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗಳಿಗೆ ಈ ಗೆಡ್ಡೆಯಲ್ಲಿರುವ ಡೈಡ್ಜಿನ್ ಎಂಬ ಅಂಶವನ್ನು ಕೊಟ್ಟಾಗ ಅವುಗಳ ಕುಡಿತ ಅರ್ಧಕ್ಕೂ ಕಡಿಮೆಯಾದುದನ್ನು ಕಂಡರು. ಡೈಡ್ಜಿನ್ ಕೆಲಸ ಮಾಡುವ ಜಾಗ ಕುತೂಹಲಕರವಾಗಿದೆ. ಯಕೃತ್ತು ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ, ಆಮೇಲೆ ಒಂದು ಕಿಣ್ವದ ನೆರವಿನಿಂದ ಅದನ್ನು ನಿರಪಾಯಕಾರಿ ವಸ್ತುವಾಗಿಸುತ್ತದೆ. ಪೂರ್ವ ಏಷ್ಯದ ಮೂರನೆಯ ಒಂದಕ್ಕೂ ಹೆಚ್ಚು ಜನರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಸ್ವಲ್ಪ ಕುಡಿದರೂ ಅವರ ಮುಖ ಕೆಂಪಾಗಿ ಸಂಕಟವಾಗುತ್ತದೆ, ಆದ್ದರಿಂದಲೇ ಅವರಲ್ಲಿ ಮದ್ಯವ್ಯಸನಿಗಳು ಕಡಿಮೆ. 1951ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದು ಇಂದಿಗೂ ನಮ್ಮ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿರುವ ಡಿಸಲ್ಫಿರಾಮ್ ಗುಳಿಗೆ ಇದೇ ಕಿಣ್ವವನ್ನು ಕಟ್ಟಿಹಾಕುತ್ತದೆ. ಡೈಡ್ಜಿನ್ ಕೂಡ ಇದೇ ಕಿಣ್ವವನ್ನು ತಡೆಯುವಂಥದ್ದು. ಚೀನೀ ಮೂಲಿಕೆ, ಪಾಶ್ಚಾತ್ಯ ಗುಳಿಗೆ, ಹುಟ್ಟಿನ ಗುಣ ಮೂರೂ ಒಂದೇ ಬಾಗಿಲಿನ ಮುಂದೆ ಬಂದು ನಿಂತಂತಾಯಿತು.

ಆದರೆ ಪ್ರಾಣಿಗಳಲ್ಲಿ ಕಂಡದ್ದು ಮನುಷ್ಯರಲ್ಲಿ ಅಷ್ಟು ಸಲೀಸಾಗಿ ಕಾಣಲಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮದ್ಯವ್ಯಸನವಿದ್ದ 38 ಜನರಲ್ಲಿ ಕೆಲವರಿಗೆ ದಿನಕ್ಕೆರಡು ಬಾರಿ 1.2 ಗ್ರಾಂ ಗೆಡ್ಡೆಯ ಸಾರವನ್ನೂ ಉಳಿದವರಿಗೆ ಔಷಧದ ಅಂಶವಿಲ್ಲದ ಹುಸಿಗುಳಿಗೆಯನ್ನೂ ಕೊಟ್ಟು ನೋಡಿದಾಗ ತುಡಿತದಲ್ಲಾಗಲಿ ಸಂಯಮದಲ್ಲಾಗಲಿ ವ್ಯತ್ಯಾಸವೇ ಇರಲಿಲ್ಲ. 2005ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಸಂಶೋಧಕರು ಹೆಚ್ಚು ಕುಡಿಯುವ 14 ಜನರಿಗೆ ಗೆಡ್ಡೆಯ ಸಾರವನ್ನು ಏಳು ದಿನ ಕೊಟ್ಟು, ಮನೆಯಂತೆ ಸಜ್ಜುಗೊಳಿಸಿದ ಕೋಣೆಯಲ್ಲಿ ಬಿಯರ್ ಇಟ್ಟು ಗಮನಿಸಿದರು. ಸಾರ ಪಡೆದಾಗ ಅವರು ಕಡಿಮೆ ಬಿಯರ್ ಕುಡಿದರು, ಸಣ್ಣ ಸಣ್ಣ ಗುಟುಕುಗಳಲ್ಲಿ, ಹೆಚ್ಚು ಹೊತ್ತು ತೆಗೆದುಕೊಂಡು ಕುಡಿದರು. ಇದೇ ತಂಡ 2013ರಲ್ಲಿ 17 ಜನರ ಮೇಲೆ ನಾಲ್ಕು ವಾರ ನಡೆಸಿದ ಅಧ್ಯಯನದಲ್ಲಿ ವಾರದ ಕುಡಿತ ಶೇ. 34ರಿಂದ 57ರಷ್ಟು ಇಳಿಯಿತು. ಕುಡಿಯಬೇಕೆಂಬ ತುಡಿತ ಮಾತ್ರ ಇದ್ದಂತೆಯೇ ಇತ್ತು. ಇವನ್ನು ಕೂಡಿಸಿ ಓದಿದಾಗ ನನಗೆ ತೋರುವುದಿಷ್ಟು: ವ್ಯಸನದ ಆಳಕ್ಕೆ ಇನ್ನೂ ಇಳಿಯದೆ ಸುಮ್ಮನೆ ಹೆಚ್ಚಾಗಿ ಕುಡಿಯುತ್ತಿರುವ ಯುವಕನಿಗೆ ಕುಡ್ಜು ಸ್ವಲ್ಪ ಕಡಿವಾಣ ಹಾಕಬಹುದು, ಕೈನಡುಕ ಶುರುವಾದವನ ಚಟವನ್ನು ಅದು ಬಿಡಿಸುತ್ತದೆಂದು ನಂಬಲು ಆಧಾರ ಸಾಲದು. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಆಧುನಿಕ ಔಷಧಗಳಾದರೋ ಸಾವಿರಾರು ಜನರ ಮೇಲಿನ ಪರೀಕ್ಷೆ ದಾಟಿ ಬಂದಿವೆ. ಅವುಗಳ ಜಾಗದಲ್ಲಿ ಕುಡ್ಜುವನ್ನು ಕೂರಿಸುವುದು ರೋಗಿಗೆ ಮಾಡುವ ಅನ್ಯಾಯ.

ಎರಡನೆಯ ಮೂಲಿಕೆ ಯಾನ್‌ಹುಸುವೊ. ಇದರ ಗೆಡ್ಡೆ ಚೀನಾದಲ್ಲಿ ನೋವಿಗೆ ಹಳೆಯ ಔಷಧ. ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಇದು ಅಫೀಮು ಕೊಡುವ ಗಸಗಸೆ ಗಿಡದ ಕುಟುಂಬಕ್ಕೇ ಸೇರಿದ್ದು, ಆದರೆ ಇದರ ಮುಖ್ಯ ಅಂಶವಾದ ಲೀವೋ-ಟೆಟ್ರಾಹೈಡ್ರೊಪಾಲ್ಮಟಿನ್ ಅಫೀಮಿನಂತೆ ವರ್ತಿಸುವುದಿಲ್ಲ. ಮಿದುಳಿನಲ್ಲಿ ಸುಖದ ಸಂದೇಶ ಹೊರುವ ಡೋಪಮಿನ್ ತಲುಪುವ ಜಾಗಗಳನ್ನು ತಡೆಯುತ್ತದೆ. 2008ರಲ್ಲಿ ಪ್ರಕಟವಾದ ಚೀನೀ ಅಧ್ಯಯನದಲ್ಲಿ ಹೆರಾಯಿನ್ ಬಿಟ್ಟ 120 ಜನರಲ್ಲಿ ಕೆಲವರಿಗೆ ಒಂದು ತಿಂಗಳು ಈ ಅಂಶವನ್ನೂ ಉಳಿದವರಿಗೆ ಹುಸಿಗುಳಿಗೆಯನ್ನೂ ಕೊಟ್ಟರು. ಮೂರು ತಿಂಗಳ ನಂತರ ನೋಡಿದಾಗ ಔಷಧ ಪಡೆದವರಲ್ಲಿ ಶೇ. 48ರಷ್ಟು ಜನ ಮಾದಕದಿಂದ ದೂರವಿದ್ದರು, ಹುಸಿಗುಳಿಗೆಯವರಲ್ಲಿ ಶೇ. 15ರಷ್ಟು. ಆಸೆ ಹುಟ್ಟಿಸುವ ಫಲ ಇದು. ಒಂದೇ ಅಧ್ಯಯನದ ಫಲ ಎಂಬುದನ್ನೂ ಮರೆಯಬಾರದು. ಇದೇ ಅಂಶದ ಇನ್ನೊಂದು ಮುಖ 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂತು. ಜಿನ್ ಬು ಹುವಾನ್ ಎಂಬ ಹೆಸರಿನಲ್ಲಿ ಅಂಗಡಿಗಳಲ್ಲಿ ಸಿಗುತ್ತಿದ್ದ ಗುಳಿಗೆಗಳನ್ನು ನಿದ್ದೆಗೂ ನೋವಿಗೂ ನುಂಗಿದ ಹಲವರ ಯಕೃತ್ತು ಉರಿಯೂತಕ್ಕೆ ಒಳಗಾಯಿತು, ಅಕಸ್ಮಾತ್ ನುಂಗಿದ ಮಕ್ಕಳ ಉಸಿರಾಟ ಕುಗ್ಗಿತು. ಗುಳಿಗೆಯಲ್ಲಿದ್ದದ್ದು ಇದೇ ಟೆಟ್ರಾಹೈಡ್ರೊಪಾಲ್ಮಟಿನ್. ನಮ್ಮ ಸರ್ಪಗಂಧಿಯ ದಾರಿಯೂ ಇಂತಹದೇ ಆಗಿತ್ತು: ಅದರ ಬೇರನ್ನು ಮುಂಬಯಿಯ ರುಸ್ತುಮ್ ಜಾಲ್ ವಕೀಲ್ 1949ರಲ್ಲಿ ರಕ್ತದೊತ್ತಡದ ಔಷಧವಾಗಿ ಜಗತ್ತಿನ ಗಮನಕ್ಕೆ ತಂದರು, 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಅಂಶವನ್ನು ಬೇರ್ಪಡಿಸಲಾಯಿತು, ಮುಂದೆ ಆ ಅಂಶದಿಂದ ಕೆಲವರಿಗೆ ಖಿನ್ನತೆ ಕವಿಯುವುದೂ ಕಂಡುಬಂತು. ಗುಣವಿರುವ ಮೂಲಿಕೆಗೆ ದೋಷವೂ ಇರುತ್ತದೆ. ಅಳೆದು ಕೊಟ್ಟಾಗ ಮಾತ್ರ ಎರಡೂ ಗೊತ್ತಾಗುತ್ತವೆ.

ಚೀನೀ ವೈದ್ಯದ ಅಕ್ಯುಪಂಕ್ಚರ್ ಪದ್ಧತಿಯಂತೆ ಕಿವಿಗೆ ಸೂಜಿ ಚುಚ್ಚುವ ಚಿಕಿತ್ಸೆಯ ಮಾತನ್ನು ಚಿಕ್ಕದಾಗಿ ಮುಗಿಸಬಹುದು. 1972ರಲ್ಲಿ ಹಾಂಗ್‌ಕಾಂಗಿನ ಶಸ್ತ್ರವೈದ್ಯ ಎಚ್. ಎಲ್. ವೆನ್ ಶಸ್ತ್ರಚಿಕಿತ್ಸೆಗಾಗಿ ವಿದ್ಯುತ್ ಸೂಜಿ ಚುಚ್ಚಿದ ಅಫೀಮು ವ್ಯಸನಿಯೊಬ್ಬನ ಯಾತನೆ ಇಳಿದದ್ದನ್ನು ಗಮನಿಸಿದರು. ಅಲ್ಲಿಂದ ನ್ಯೂಯಾರ್ಕಿನ ಲಿಂಕನ್ ಆಸ್ಪತ್ರೆಗೆ ಹೋದ ಈ ವಿಧಾನ ಕಿವಿಯ ಐದು ಬಿಂದುಗಳ ಕ್ರಮವಾಗಿ ಹಲವು ದೇಶಗಳಿಗೆ ಹಬ್ಬಿತು. ಕೊಕೇನ್ ವ್ಯಸನವಿದ್ದ 620 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸರಿಯಾದ ಬಿಂದುವಿಗೆ ಚುಚ್ಚಿದವರಿಗೂ, ಬೇರೆ ಕಡೆ ಚುಚ್ಚಿದವರಿಗೂ, ಸುಮ್ಮನೆ ವಿಶ್ರಾಂತಿಯ ದೃಶ್ಯ ನೋಡಿದವರಿಗೂ ಫಲದಲ್ಲಿ ಭೇದವಿರಲಿಲ್ಲ. ನಿತ್ಯ ಒಂದು ಕಡೆ ಬಂದು, ನಾಲ್ಕು ಜನರೊಡನೆ ಅರ್ಧ ತಾಸು ಶಾಂತವಾಗಿ ಕೂರುವುದರಲ್ಲೇ ಏನೋ ಒಳಿತಿರಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳನ್ನೂ ನಮ್ಮೂರುಗಳಲ್ಲಿ ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗಲು ಸೇರುವ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್) ಸಭೆಗಳನ್ನೂ ಕಂಡವರಿಗೆ ಇದು ಹೊಸ ಮಾತಲ್ಲ.

ಈಗ ಆ ಕೈಚೀಲಕ್ಕೆ ಹಿಂತಿರುಗೋಣ. ಚೀನೀ ಮೂಲಿಕೆಗಳು ಹುಬ್ಬಳ್ಳಿಯ ಮನೆಗಳಲ್ಲಿ ಅಪರೂಪ; ಆದರೆ ಅವು ಕಲಿಸುವ ಎಚ್ಚರ ನಮ್ಮ ಮೂಲಿಕೆಗಳಿಗೆ ಹಾಗೆಯೇ ಅನ್ವಯಿಸುತ್ತದೆ. ಅರಿಷ್ಟ ಮತ್ತು ಆಸವಗಳನ್ನೇ ತೆಗೆದುಕೊಳ್ಳಿ. ಅವು ಹುದುಗಿಸಿ ಮಾಡಿದ ಔಷಧಗಳು, ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟಿರುತ್ತದೆ. ಡಿಸಲ್ಫಿರಾಮ್ ನುಂಗುತ್ತಿರುವವನಿಗೆ ಬಲ ಬರಲೆಂದು ತಾಯಿ ಪ್ರೀತಿಯಿಂದ ಎರಡು ಚಮಚ ಅರಿಷ್ಟ ಕುಡಿಸಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುವ ಸಾಧ್ಯತೆಯಿದೆ. ಡಿಸಲ್ಫಿರಾಮ್ ಇಲ್ಲದಿದ್ದರೂ ಆ ವಾಸನೆ ಮತ್ತು ರುಚಿ ಮಲಗಿದ್ದ ತುಡಿತವನ್ನು ಎಬ್ಬಿಸಬಹುದು. ಅತಿಮಧುರ ಚೀನಾದ ಯೋಗಗಳಲ್ಲಿಯೂ ನಮ್ಮ ಕಷಾಯಗಳಲ್ಲಿಯೂ ಇರುವ ಸೌಮ್ಯವಾದ ಬೇರು; ಬಹುದಿನ ಹೆಚ್ಚಾಗಿ ತೆಗೆದುಕೊಂಡರೆ ಅದು ರಕ್ತದ ಪೊಟ್ಯಾಸಿಯಮ್ ಅನ್ನು ಇಳಿಸುತ್ತದೆ. ಕುಡಿತದಿಂದ ಪೊಟ್ಯಾಸಿಯಮ್ ಮೊದಲೇ ಕಡಿಮೆಯಿರುವವನಲ್ಲಿ, ಅದರಲ್ಲಿಯೂ ಹೃದಯದ ವಿದ್ಯುತ್ ಲಯವನ್ನು ನಿಧಾನಿಸುವ ಮೆಥಡೋನಿನ ಮೇಲಿರುವವನಲ್ಲಿ ಇದು ಎದೆಬಡಿತದ ಲಯವನ್ನೇ ಕೆಡಿಸೀತು. ಅಮೃತಬಳ್ಳಿಯನ್ನು ಕೋವಿಡ್ ಕಾಲದಲ್ಲಿ ವಿಪರೀತ ಬಳಸಿದ ಕೆಲವರ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಕುಡಿದು ಕುಡಿದು ಯಕೃತ್ತು ಸೊರಗಿರುವವನಿಗೆ ಯಕೃತ್ತಿನ ಟಾನಿಕ್ ಎಂದು ಏನನ್ನಾದರೂ ಕೊಡುವ ಮುನ್ನ ಒಂದು ರಕ್ತಪರೀಕ್ಷೆ ಮಾಡಿಸುವುದು ಈ ಕಾರಣಕ್ಕಾಗಿ.

ಹೆಸರಿನ ಗೊಂದಲ ಇನ್ನೊಂದು ಸಮಸ್ಯೆ. ಕುಡ್ಜುವಿನ ಸೋದರಬಳ್ಳಿ ನಮ್ಮಲ್ಲಿಯೂ ಇದೆ. ಸಂಸ್ಕೃತದಲ್ಲಿ ವಿದಾರೀಕಂದ, ಕನ್ನಡದಲ್ಲಿ ನೆಲಗುಂಬಳ. ಅದರಲ್ಲಿಯೂ ಕುಡ್ಜುವಿನಲ್ಲಿರುವ ಪ್ಯೂರಾರಿನ್ ಮುಂತಾದ ಅಂಶಗಳಿವೆ. ಆದ್ದರಿಂದ ಇದನ್ನೇ ಕೊಟ್ಟರಾಯಿತೆಂದು ಉತ್ಸಾಹಿಗಳು ಹೇಳಬಹುದು. ಆದರೆ ಅಂಗಡಿಯಲ್ಲಿ ವಿದಾರಿ ಎಂದು ಕೇಳಿದರೆ ಸಿಗುವುದು ಯಾವಾಗಲೂ ಅದೇ ಗೆಡ್ಡೆಯಲ್ಲ. ದಕ್ಷಿಣದಲ್ಲಿ, ವಿಶೇಷವಾಗಿ ಕೇರಳದಲ್ಲಿ, ಇದೇ ಹೆಸರಿನಿಂದ ಬಳಕೆಯಾಗುವುದು ಗೆಣಸಿನ ಜಾತಿಯ ಬೇರೊಂದು ಬಳ್ಳಿಯ ಗೆಡ್ಡೆ. ಒಣಗಿಸಿ ಹೋಳು ಮಾಡಿದ ಮೇಲೆ ಗುರುತು ಹಿಡಿಯುವುದು ಬಲ್ಲವರಿಗೂ ಕಷ್ಟ. ಚೀನೀ ಮೂಲಿಕೆಗಳಲ್ಲಿ ಇಂತಹ ಗೊಂದಲ ಏನು ಮಾಡಬಲ್ಲದೆಂಬುದಕ್ಕೆ ಬೆಲ್ಜಿಯಂ ಸಾಕ್ಷಿ: 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ಫಾಂಗ್‌ಜಿ ಎಂಬ ಮೂಲಿಕೆಯ ಬದಲು ಅದೇ ಹೆಸರಿನ ಇನ್ನೊಂದು ವಿಷಕಾರಿ ಗಿಡ ಸೇರಿಹೋಗಿ ನೂರಕ್ಕೂ ಹೆಚ್ಚು ಮಹಿಳೆಯರ ಮೂತ್ರಪಿಂಡಗಳು ಹಾಳಾದವು. ಕಪ್ಪತಗುಡ್ಡದ ಮೂಲಿಕೆ ಎಂದೊಡನೆ ನಮ್ಮ ಭಾಗದವರಿಗೆ ನಂಬಿಕೆ ಮೂಡುವುದು ಸಹಜ. ಗದಗ ಜಿಲ್ಲೆಯ ಆ ಗುಡ್ಡದ ಮೇಲಿನ ಗೌರವ ನನಗೂ ಇದೆ. ಪೊಟ್ಟಣದ ಮೇಲೆ ಗಿಡದ ಹೆಸರು, ಭಾಗ, ಪ್ರಮಾಣ ಬರೆದಿಲ್ಲದಿದ್ದರೆ ಅದು ಯಾವ ಗುಡ್ಡದಿಂದ ಬಂದಿತೆಂಬುದರಿಂದ ರೋಗಿಗೆ ಪ್ರಯೋಜನವಿಲ್ಲ.

ಇದೆಲ್ಲಕ್ಕಿಂತ ಹೆಚ್ಚು ನೋವು ಕೊಡುವುದು ಹೇಳದೆ ಬೆರೆಸುವ ರೂಢಿ. ಅನ್ನದಲ್ಲಿ, ಸಾರಿನಲ್ಲಿ, ಚಹಾದಲ್ಲಿ ಗೊತ್ತಾಗದಂತೆ ಹಾಕಿ, ಹದಿನೈದು ದಿನಗಳಲ್ಲಿ ಕುಡಿತ ಬಿಡುತ್ತಾರೆ ಎಂಬ ಮಾತಿನೊಡನೆ ಮಾರುವ ಪುಡಿಗಳಿವೆ. ಬೇಸತ್ತ ಹೆಂಡತಿ, ಕಂಗೆಟ್ಟ ತಾಯಿ ಅದನ್ನು ಕೊಳ್ಳುವುದರಲ್ಲಿ ತಪ್ಪು ಹುಡುಕುವ ಮನಸ್ಸು ನನಗಿಲ್ಲ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯದಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ಸುಮಾರು 5.7 ಕೋಟಿ, ಮದ್ಯಕ್ಕೆ ಅವಲಂಬಿತರಾದವರಲ್ಲಿ ಯಾವುದಾದರೂ ಚಿಕಿತ್ಸೆ ಕಂಡವರು 38ಕ್ಕೆ ಒಬ್ಬರು. ಉಳಿದ 37 ಮನೆಗಳು ಏನನ್ನಾದರೂ ಹುಡುಕಲೇಬೇಕಲ್ಲ. ಆದರೆ ಆ ಪುಡಿಯಲ್ಲಿ ಡಿಸಲ್ಫಿರಾಮ್‌ನಂತಹ ವಸ್ತುವಿದ್ದರೆ, ತಿಳಿಯದೆ ಅದನ್ನುಂಡು ಸಂಜೆ ಕುಡಿಯುವ ಹೃದ್ರೋಗಿ ಬದುಕಲಿಕ್ಕಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದಾಗುವ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಯಲ್ಲಿ ಸೇರಿಸಿಕೊಂಡು, ಚಿಕಿತ್ಸೆಗೆ ವ್ಯಕ್ತಿಯ ತಿಳಿದ ಒಪ್ಪಿಗೆಯನ್ನು ಹಕ್ಕಿನ ಮಟ್ಟಕ್ಕೆ ಏರಿಸಿದೆ. ಚಿಕಿತ್ಸೆಯ ದೃಷ್ಟಿಯಿಂದಲೂ ಇದು ಸರಿಯೇ, ಏಕೆಂದರೆ ಒಮ್ಮೆ ಊಟದಲ್ಲಿ ಮೋಸವಾಯಿತೆಂದು ತಿಳಿದವನು ಮುಂದೆ ಮನೆಯವರು ಕೊಟ್ಟ ಯಾವ ಗುಳಿಗೆಯನ್ನೂ ನಂಬುವುದಿಲ್ಲ.

ಹಾಗಾದರೆ ಎರಡನ್ನೂ ಸೇರಿಸುವುದು ಹೇಗೆ ಕಾಣಬೇಕು? ನಮ್ಮ ಭಾಗದಲ್ಲಿ ಬೇಕಾದದ್ದೆಲ್ಲ ಹತ್ತಿರದಲ್ಲಿಯೇ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಿದೆ, ಹುಬ್ಬಳ್ಳಿಯಲ್ಲಿ ಸರಕಾರಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆಯಿದೆ, ಹುಬ್ಬಳ್ಳಿಯಲ್ಲಿಯೂ ಗದಗದಲ್ಲಿಯೂ ಹಳೆಯ ಆಯುರ್ವೇದ ಕಾಲೇಜುಗಳಿವೆ. ಮೊದಲ ವಾರ ಪೂರ್ತಿಯಾಗಿ ಮನೋವೈದ್ಯರದು; ಆ ಏಳು ದಿನ ಬೇರೆ ಯಾವುದೂ ಬೇಡ. ಆಮೇಲೆ ಮರುಕಳಿಕೆ ತಡೆಯುವ ಗುಳಿಗೆಯನ್ನು ಯಕೃತ್ತು ಮತ್ತು ಮೂತ್ರಪಿಂಡಗಳ ಸ್ಥಿತಿ ನೋಡಿ ಅವರೇ ಆರಿಸಬೇಕು, ಆಪ್ತಸಮಾಲೋಚನೆ ಆರಂಭವಾಗಬೇಕು. ಎರಡು ಮೂರು ವಾರ ಕಳೆದು ದೇಹ ನೆಲೆಗೊಂಡ ಮೇಲೆ, ನಿದ್ದೆಯಿಲ್ಲ, ಹಸಿವಿಲ್ಲ, ಮೈಯಲ್ಲಿ ಶಕ್ತಿಯಿಲ್ಲ ಎಂಬ ದೂರುಗಳಿಗೆ ನೋಂದಾಯಿತ ಆಯುರ್ವೇದ ವೈದ್ಯರ ನೆರವು ಪಡೆಯಬಹುದು. ಒಂದು ಸಲಕ್ಕೆ ಒಂದೇ ಔಷಧ ಆರಂಭಿಸಿದರೆ ಏನಾದರೂ ಏರುಪೇರಾದಾಗ ಕಾರಣ ಸಿಗುತ್ತದೆ. ಇಬ್ಬರು ವೈದ್ಯರೂ ಒಂದೇ ಪುಸ್ತಕದಲ್ಲಿ ಬರೆಯಬೇಕು. ಇನ್ನೂರು ಪುಟದ ಶಾಲೆಯ ನೋಟ್‌ಬುಕ್ಕೇ ಸಾಕು: ದಿನಾಂಕ, ಗುಳಿಗೆಯ ಹೆಸರು, ಮೂಲಿಕೆಯ ಹೆಸರು, ಪ್ರಮಾಣ, ರಕ್ತಪರೀಕ್ಷೆಯ ಅಂಕಿ. ಮೂರು ತಿಂಗಳಿಗೊಮ್ಮೆಯಾದರೂ ಯಕೃತ್ತಿನ ಪರೀಕ್ಷೆ ಅದರಲ್ಲಿ ದಾಖಲಾಗಲಿ. ಊರಿನಿಂದ ಧಾರವಾಡ ದೂರವಾದರೆ 14416ಕ್ಕೆ ಕರೆ ಮಾಡಿ ಟೆಲಿ-ಮಾನಸ ಎಂಬ ಸರಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ ಆಪ್ತಸಮಾಲೋಚಕರೊಡನೆ ಕನ್ನಡದಲ್ಲಿಯೇ ಮಾತಾಡಬಹುದು.

ಮನೆಯವರು ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಪೊಟ್ಟಣ, ಬಾಟಲಿ, ಗುಳಿಗೆಯ ಪಟ್ಟಿ ಯಾವುದನ್ನೂ ಬಿಡದೆ ಚೀಲದಲ್ಲಿ ಹಾಕಿಕೊಂಡು ಹೋಗಿ, ವೈದ್ಯರು ಕೇಳದಿದ್ದರೂ ಮೇಜಿನ ಮೇಲೆ ಸಾಲಾಗಿ ಇಡಲಿ. ಡಿಸಲ್ಫಿರಾಮ್ ನಡೆಯುತ್ತಿದ್ದರೆ, ಅದನ್ನು ನಿಲ್ಲಿಸಿದ ಮೇಲೂ ಎರಡು ವಾರ ಕಳೆಯುವ ತನಕ, ಅರಿಷ್ಟದ ಬಾಟಲಿಯ ಮುಚ್ಚಳ ತೆರೆಯುವುದು ಬೇಡ.